ಜೀವನಾಂಶ, ಮಗುವಿನ ಕಸ್ಟಡಿ: ಕೋರ್ಟ್ ಅಮೀನನಾಗಿದ್ದವನು ಹೇಳುವ ಮಾತು

ದಾವಣಗೆರೆ ಕೋರ್ಟಿನಲ್ಲಿ ಅಮೀನನಾಗಿದ್ದು ನಿವೃತ್ತನಾದವನು ನಾನು. ಸಮನ್ಸು, ನೋಟಿಸು, ಜಪ್ತಿ ವಾರಂಟು ಹಿಡಿದು ಊರೂರು ತಿರುಗುವುದೇ ಕೆಲಸ. ಸೇರಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆ ಜಿಲ್ಲೆಯಾಯಿತು. ಈಗ ಸಂಜೆ ಪಾರ್ಕಿನಲ್ಲಿ ಕೂತಿದ್ದರೆ ಯಾರಾದರೂ ಪಕ್ಕಕ್ಕೆ ಬಂದು, ‘ಅಣ್ಣಾ, ನಮ್ಮ ಹುಡುಗೀದು ಒಂದು ಕೇಸು ಐತಿ’ ಅಂತ ಶುರು ಮಾಡುತ್ತಾರೆ. ಗಂಡ ಬಿಟ್ಟು ಹೋಗಿದ್ದಾನೆ, ಮಗು ತವರಲ್ಲಿದೆ, ದುಡ್ಡು ಬರ್ತಿಲ್ಲ. ಇಲ್ಲವೇ ಗಂಡಸರು ಬರುತ್ತಾರೆ: ಮಗನ ಮುಖ ನೋಡಿ ವರ್ಷವಾಯ್ತು ಅಂತ.

ನಾನು ವಕೀಲನಲ್ಲ. ಆದರೆ ಆದೇಶ ಬರೆಯುವ ಜಾಗಕ್ಕಿಂತ ಅದು ಹೋಗಿ ಮುಟ್ಟುವ ಜಾಗದಲ್ಲಿ ಜಾಸ್ತಿ ನಿಂತವನು. ಒಳ್ಳೇ ಆದೇಶ ಕೈಯಲ್ಲಿದ್ದೂ ಒಂದು ಪೈಸೆ ಕಾಣದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಕಾಗದ, ತಾರೀಖು, ವಿಳಾಸ ಸರಿಯಾಗಿಟ್ಟುಕೊಂಡು ತಿಂಗಳು ತಿಂಗಳು ದುಡ್ಡು ಪಡೆದವರನ್ನೂ ಕಂಡಿದ್ದೇನೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಳಾಸ

ಎಲ್ಲರೂ ಕೇಳೋದು ‘ಎಷ್ಟು ಸಿಗುತ್ತೆ’ ಅಂತ. ನಾನು ತಿರುಗಿ ಕೇಳೋದು ‘ಅವನು ಎಲ್ಲಿದ್ದಾನೆ’ ಅಂತ. ನೋಟಿಸು ಜಾರಿಯಾಗದೆ ಕೇಸು ಮುಂದಕ್ಕೆ ಹೋಗೋದಿಲ್ಲ. ಮಧ್ಯಂತರ, ಅಂದರೆ ಕೇಸು ಮುಗಿಯುವವರೆಗಿನ, ಜೀವನಾಂಶದ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ 60 ದಿನದಲ್ಲಿ ಮುಗಿಸಬೇಕು ಅಂತ ಕಾನೂನೇ ಹೇಳುತ್ತೆ. ಆದರೆ ಆ 60 ದಿನ ಎಣಿಸೋದು ನೀವು ಅರ್ಜಿ ಹಾಕಿದ ದಿನದಿಂದಲ್ಲ, ಎದುರಿನವರಿಗೆ ನೋಟಿಸು ಮುಟ್ಟಿದ ದಿನದಿಂದ.

ಅರ್ಜಿಯಲ್ಲಿ ‘ಇಂಥವರ ಮಗ, ಚನ್ನಗಿರಿ ತಾಲ್ಲೂಕು’ ಅಂತಷ್ಟೇ ಬರೆದರೆ ಯಾರು ಹುಡುಕಬೇಕು? ಒಂದೊಂದು ಊರಲ್ಲಿ ಅದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ಮನೆ ನಂಬರ್ ಗೊತ್ತಿಲ್ಲದಿದ್ದರೆ ಗುರುತು ಕೊಡಿ: ಹಾಲಿನ ಡೇರಿ ಪಕ್ಕ, ಬೀರಲಿಂಗೇಶ್ವರ ಗುಡಿ ಹಿಂದೆ, ಮನೆ ಮುಂದೆ ಹಸಿರು ಟ್ರ್ಯಾಕ್ಟರ್. ಮನೆಯ ವಿಳಾಸದ ಜೊತೆಗೆ ಕೆಲಸದ ಜಾಗದ್ದೂ ಕೊಡಿ. ಅವನ ಒಂದು ಫೋಟೊ, ಮೊಬೈಲ್ ನಂಬರ್ ವಕೀಲರ ಹತ್ತಿರ ಇರಲಿ.

ನೋಟಿಸು ಕೆಲವು ಸಲ ಪೋಸ್ಟಿನಲ್ಲಿ ಹೋಗುತ್ತೆ, ಕೆಲವು ಸಲ ಪೊಲೀಸರ ಕೈಲಿ, ಕೆಲವು ಸಲ ನಮ್ಮಂಥವರ ಕೈಲಿ. ಪೋಸ್ಟಿನ ಕವರು ವಾಪಸ್ ಬಂದರೆ ಅದರ ಮೇಲಿನ ಷರಾ ಓದಿ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಅಂತಿದ್ದರೆ ಅದು ನಿಮಗೆ ಒಳ್ಳೇದೇ. ಬೇಡ ಅಂದವನಿಗೂ ನೋಟಿಸು ಮುಟ್ಟಿದೆ ಅಂತಲೇ ಕೋರ್ಟು ಭಾವಿಸುತ್ತೆ. ‘ಬಾಗಿಲು ಹಾಕಿದೆ’, ‘ಊರು ಬಿಟ್ಟಿದ್ದಾರೆ’ ಅಂತಿದ್ದರೆ ಮಾತ್ರ ಹೊಸ ವಿಳಾಸ ಹುಡುಕಬೇಕು.

ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಒಂದು ತೊಡಕಿತ್ತು. ಆಸಾಮಿ ಸಿಗದಿದ್ದರೆ ಮನೆಯ ವಯಸ್ಕ ‘ಗಂಡಸಿಗೆ’ ಮಾತ್ರ ಸಮನ್ಸು ಕೊಡಬಹುದಿತ್ತು. ಅತ್ತೆ ಬಾಗಿಲಲ್ಲೇ ನಿಂತು ‘ಮನ್ಯಾಗ ಗಂಡಸ್ರು ಯಾರೂ ಇಲ್ಲಪ್ಪ, ನಾಳೆ ಬಾ’ ಅನ್ನೋರು. ಒಳಗೆ ಟಿವಿ ಮುಂದೆ ಮಗರಾಯ ಕೂತಿರೋದು ಕಿಟಕಿಯಿಂದ ಕಾಣುತ್ತಿತ್ತು! 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್, ಆ ‘ಗಂಡಸು’ ಅನ್ನೋ ಮಾತು ತೆಗೆದುಹಾಕಿದೆ. ಮನೆಯಲ್ಲಿ ಜೊತೆಗಿರುವ ವಯಸ್ಕರು ಯಾರಾದರೂ ಸರಿ, ಅತ್ತೆಗೂ ಕೊಡಬಹುದು. ನನ್ನ ಸರ್ವಿಸ್ಸು ಮುಗಿದ ಮೇಲೆ ಬಂತು ನೋಡಿ.

ಬೇಕಂತಲೇ ತಪ್ಪಿಸಿಕೊಂಡು ತಿರುಗುವವನ ಗೈರಿನಲ್ಲೇ ಕೋರ್ಟು ಕೇಸು ನಡೆಸಿ ಆದೇಶ ಮಾಡಬಹುದು. ಆಮೇಲೆ ಅವನು ಮೂರು ತಿಂಗಳೊಳಗೆ ಬಂದು, ಸರಿಯಾದ ಕಾರಣ ತೋರಿಸಿ, ಅದನ್ನು ರದ್ದು ಮಾಡಿ ಅಂತ ಕೇಳಬಹುದು. ಅದಕ್ಕೇ ನೋಟಿಸು ಮುಟ್ಟಿದ ದಾಖಲೆ ಗಟ್ಟಿ ಇರಬೇಕು ಅನ್ನೋದು.

ಯಾವ ಅರ್ಜಿ, ಎಲ್ಲಿ

ಹೆಂಡತಿ, ಮಕ್ಕಳ ಜೀವನಾಂಶಕ್ಕೆ ಹಿಂದೆ ಸಿಆರ್‌ಪಿಸಿ 125ನೇ ಕಲಂ ಇತ್ತು. ಈಗ ಅದೇ ಬಿಎನ್‌ಎಸ್‌ಎಸ್ 144. ಜಾತಿ, ಧರ್ಮ ಯಾವುದೇ ಇರಲಿ, ಎಲ್ಲರಿಗೂ ಅನ್ವಯಿಸುತ್ತೆ. ಮದುವೆಯಾಗದೆ ಹುಟ್ಟಿದ ಮಗುವಿಗೂ ಇದೆ. ಗಂಡನ ಮನೆ ಬೆಂಗಳೂರಲ್ಲಿದ್ದರೂ ನೀವು ಹರಿಹರದ ತವರಿನಲ್ಲಿದ್ದರೆ ಇಲ್ಲೇ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಈ ಅರ್ಜಿ ಅಲ್ಲಿಗೇ ಹೋಗುತ್ತೆ. ವಿಚ್ಛೇದನದ ಕೇಸು ಇರಲೇಬೇಕು ಅಂತೇನೂ ಇಲ್ಲ. ಆಗಲೇ ನಡೀತಿದ್ದರೆ ಹಿಂದೂ ವಿವಾಹ ಕಾಯ್ದೆಯ 24 ಮತ್ತು 26ನೇ ಕಲಂ ಪ್ರಕಾರ ಅದೇ ಕೇಸಿನಲ್ಲೂ ಕೇಳಬಹುದು.

ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೇರೆ ಇದೆ. ಅದರಲ್ಲಿ ರಕ್ಷಣೆ, ಮನೆಯಲ್ಲಿರುವ ಹಕ್ಕು, ದುಡ್ಡು, ಮಗುವಿನ ತಾತ್ಕಾಲಿಕ ಕಸ್ಟಡಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಿ ಸಂರಕ್ಷಣಾಧಿಕಾರಿ ಯಾರು ಅಂತ ಕೇಳಿ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮೂರ ಅಂಗನವಾಡಿ ಟೀಚರಿಗೆ ಗೊತ್ತಿರುತ್ತೆ. ಎರಡು ಮೂರು ಕಾನೂನಿನಲ್ಲಿ ಕೇಸು ಹಾಕಿದ್ದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಮುಚ್ಚಿಡಬೇಡಿ. ಹೇಗಿದ್ದರೂ ಹೊರಗೆ ಬರುತ್ತೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬರುವಾಗ ಸರ್ಕಾರಿ ಬಸ್ಸೇ ಹಿಡಿದರೆ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಅದಕ್ಕೆ ಟೈಮು ನೋಡಿಕೊಂಡು ಹೊರಡಿ.

ಅವನ ಆದಾಯ ತೋರಿಸೋದು ಹೇಗೆ

ನಿಜವಾದ ಹೋರಾಟ ಇಲ್ಲಿದೆ. ಗಂಡ ಸರ್ಕಾರಿ ನೌಕರನಾದರೆ ಸಂಬಳದ ಚೀಟಿ ಸಾಕು, ಮಾತು ಮುಗಿಯಿತು. ಆದರೆ ನಮ್ಮ ಕಡೆ ಅಡಿಕೆ, ಮೆಕ್ಕೆಜೋಳ, ಭತ್ತ, ಟ್ರ್ಯಾಕ್ಟರ್ ಬಾಡಿಗೆ, ದಲ್ಲಾಳಿ ಅಂಗಡಿ. ಎಲ್ಲಾ ನಗದು. ಮದುವೆ ಮಾತುಕತೆಯಲ್ಲಿ ‘ಹುಡುಗನಿಗೆ ನಾಲ್ಕು ಎಕರೆ ತೋಟ ಐತಿ’ ಅಂದವರೇ ಕೋರ್ಟಿನಲ್ಲಿ ‘ಕೂಲಿ ಮಾಡಿ ಬದುಕ್ತಾನೆ ಸ್ವಾಮಿ’ ಅನ್ನುತ್ತಾರೆ.

2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಅನ್ನೋ ಕೇಸಿನಲ್ಲಿ ಒಂದು ಕ್ರಮ ಹಾಕಿಕೊಟ್ಟಿದೆ. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲಾ ಬರೆದು ಪ್ರಮಾಣಪತ್ರ (ಅಫಿಡವಿಟ್) ಹಾಕಲೇಬೇಕು. ಕೃಷಿಕರಿಗೆ ಬೇರೆಯದೇ ನಮೂನೆ ಇದೆ. ಅದರಲ್ಲಿ ಜಮೀನು, ಬೆಳೆಯ ವಿವರ ಬರೆಯಬೇಕು. ಸುಳ್ಳು ಬರೆದರೆ ಅದೇ ಇನ್ನೊಂದು ಕೇಸಾಗುತ್ತೆ. ಎದುರಿನವರ ಪ್ರಮಾಣಪತ್ರದ ಪ್ರತಿ ಇಸಿದುಕೊಂಡು ರಾತ್ರಿ ಕೂತು ಸಾಲು ಸಾಲು ಓದಿ. ನಿಮ್ಮಷ್ಟು ಚೆನ್ನಾಗಿ ಆ ಮನೆಯ ಲೆಕ್ಕ ಯಾವ ವಕೀಲರಿಗೂ ಗೊತ್ತಿರೋಲ್ಲ, ಅಲ್ವಾ?

ನೀವು ಏನು ತರಬಹುದು? ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲೋ ನಾಡಕಚೇರಿಯಲ್ಲೋ ಪಹಣಿ ಸಿಗುತ್ತೆ. ಪಹಣಿಯಲ್ಲಿ ಬೆಳೆಯ ಕಾಲಂ ಕೂಡ ನೋಡಿ. ಜಮೀನು ಮಾವನ ಹೆಸರಿನಲ್ಲಿದೆ ಅಂತ ಬಿಡಬೇಡಿ, ಪಹಣಿ ಜೊತೆ ವಂಶವೃಕ್ಷ ಇಟ್ಟರೆ ಅವನ ಪಾಲು ಎಷ್ಟು ಅಂತ ನ್ಯಾಯಾಧೀಶರಿಗೆ ಕಾಣುತ್ತೆ. ತೋಟ ಖೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದರೆ ಯಾರಿಗೆ ಕೊಟ್ಟಿದ್ದಾರೆ ಅಂತ ಬರೆಯಿರಿ. ಮೆಕ್ಕೆಜೋಳ ಯಾವ ಅಂಗಡಿಗೆ ಹಾಕುತ್ತಾರೆ, ಸಹಕಾರ ಸಂಘದಲ್ಲಿ ಸಾಲ ಎಷ್ಟು ಎತ್ತಿದ್ದಾರೆ, ಟ್ರ್ಯಾಕ್ಟರ್, ಬೈಕಿನ ನಂಬರ್ ಏನು, ಎಲ್ಲಾ ಕೆಲಸಕ್ಕೆ ಬರುತ್ತೆ. ಒಬ್ಬ ತಂಗಿ ಹಳೇ ಪಂಚಾಂಗವನ್ನೇ ತಂದಿದ್ದಳು. ಗೋಡೆಗೆ ಹಾಕಿದ್ದು, ಎಣ್ಣೆ ಕಲೆ ಬಿದ್ದದ್ದು. ಪ್ರತಿ ಕೊಯ್ಲಿನ ದಿನ ಎಷ್ಟು ಕ್ವಿಂಟಲ್, ಯಾವ ದರ, ಯಾರ ಅಂಗಡಿ ಅಂತ ಗಂಡನೇ ಪೆನ್ನಿನಲ್ಲಿ ಗೀಚಿದ್ದ. ಕೂಲಿ ಅಂದವನ ಬಾಯಿ ಅವತ್ತೇ ಕಟ್ಟಿತು.

ಕೆಲಸವೇ ಇಲ್ಲ ಅನ್ನುವವನಿಗೂ ಬಿಡುಗಡೆ ಇಲ್ಲ. ಕೈಕಾಲು ಗಟ್ಟಿ ಇರುವವನು ದುಡಿದು ಹಾಕಬೇಕು, ಮೈಮುರಿದು ದುಡಿದಾದರೂ ಸರಿ ಅಂತ ಸುಪ್ರೀಂ ಕೋರ್ಟು 2022ರಲ್ಲೂ ಹೇಳಿದೆ.

ನಿಮ್ಮ ಕಡೆಯ ಖರ್ಚೂ ಬರೆದಿರಬೇಕು. ಸ್ಕೂಲ್ ಫೀಸಿನ ರಸೀದಿ, ವ್ಯಾನ್ ಬಾಡಿಗೆ, ಟ್ಯೂಷನ್, ಔಷಧಿ ಬಿಲ್ಲು, ಮನೆ ಬಾಡಿಗೆ. ಒಂದು ಹಳೇ ನೋಟ್‌ಬುಕ್ ಸಾಕು. ಮಗುವಿನ ಖರ್ಚನ್ನು ನಿಮ್ಮದರಿಂದ ಬೇರೆ ಮಾಡಿ ಬರೆಯಿರಿ, ಮಗುವಿಗೆ ಬೇರೆ ಮೊತ್ತವನ್ನೇ ಕೇಳಿ. ನೀವು ಸಂಬಳ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ತಾಯಿ ದುಡಿಯುತ್ತಾಳೆ ಅಂತ ಅಪ್ಪನ ಜವಾಬ್ದಾರಿ ಹೋಗೋದಿಲ್ಲ, ಹೆಚ್ಚೆಂದರೆ ಇಬ್ಬರ ಆದಾಯ ನೋಡಿ ಖರ್ಚು ಹಂಚುತ್ತಾರೆ.

ಇನ್ನು ‘ಸಂಬಳದಲ್ಲಿ ಮೂರನೇ ಒಂದು ಭಾಗ ಕಾನೂನು’ ಅನ್ನೋ ಮಾತು. ಕಾನೂನಿನ ಪುಸ್ತಕದಲ್ಲಿ ಅಂಥ ಲೆಕ್ಕ ಇಲ್ಲ. 125ನೇ ಕಲಂ ಅಡಿ ಒಂದು ಕಾಲಕ್ಕೆ 500 ರೂಪಾಯಿ ಮಿತಿ ಇತ್ತು, 2001ರಲ್ಲಿ ಅದನ್ನೂ ತೆಗೆದರು. ಈಗ ಅವನ ಶಕ್ತಿ, ನಿಮ್ಮ ಅಗತ್ಯ, ಇಷ್ಟುದಿನ ಬದುಕಿದ ರೀತಿ ನೋಡಿ ತೀರ್ಮಾನ. ಮೊತ್ತ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರಬೇಕು ಅಂತಲೂ ರಜನೇಶ್ ಕೇಸಿನಲ್ಲೇ ಹೇಳಿದ್ದಾರೆ. ಹಿರಿಯರು ಕೂಡಿಸ್ತಾರೆ, ದೀಪಾವಳಿ ಕಳೀಲಿ, ಯುಗಾದಿ ಕಳೀಲಿ ಅಂತ ಕಾದಷ್ಟೂ ತಿಂಗಳು ನಿಮಗೇ ಲುಕ್ಸಾನು. ರಾಜಿ ಮಾತುಕತೆ ಕೇಸಿನ ಜೊತೆಗೂ ನಡೆಯುತ್ತೆ. ಕೌಟುಂಬಿಕ ನ್ಯಾಯಾಲಯವೇ ಮೊದಲು ರಾಜಿಗೆ ಪ್ರಯತ್ನ ಮಾಡಬೇಕು ಅಂತ 1984ರ ಕಾಯ್ದೆಯಲ್ಲೇ ಇದೆ.

ಆದೇಶ ಆಯ್ತು, ದುಡ್ಡು ಬಂದಿಲ್ಲ

ಇದೊಂದು ವಿಷಯ ಮನೆಯ ಕ್ಯಾಲೆಂಡರ್ ಮೇಲೆ ಬರೆದು ಅಂಟಿಸಿಕೊಳ್ಳಿ. ಬಾಕಿ ವಸೂಲಿಯ ವಾರಂಟು ಬೇಕಿದ್ದರೆ, ದುಡ್ಡು ಕೊಡಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಮೂರು ವರ್ಷದ್ದು ಒಟ್ಟಿಗೇ ಕೇಳೋಣ, ದೊಡ್ಡ ಮೊತ್ತ ಆಗುತ್ತೆ’ ಅಂತ ಕಾದವರು ವಾರಂಟಿನ ದಾರಿಯಲ್ಲಿ ಹಳೇ ಎರಡು ವರ್ಷದ್ದನ್ನು ಕಳೆದುಕೊಳ್ಳುತ್ತಾರೆ. ನಾಲ್ಕೈದು ತಿಂಗಳ ಬಾಕಿ ಬಿದ್ದ ಕೂಡಲೇ ಹಾಕಿಬಿಡಿ. ಆಮೇಲೆ ಬಾಕಿ ಬಿದ್ದರೆ ಮತ್ತೆ ಹಾಕಿ.

ವಾರಂಟು ಹೊರಟ ಮೇಲೂ ದುಡ್ಡು ಬಾರದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ‘ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ’ ಅಂತ ಮೀಸೆ ತಿರುವುವವರಿದ್ದಾರೆ. ಚುಕ್ತಾ ಆಗೋಲ್ಲ. ಜೈಲು ದುಡ್ಡು ಕೊಡಿಸೋದಕ್ಕೆ ಇರುವ ದಾರಿ, ದುಡ್ಡಿಗೆ ಬದಲಿ ಅಲ್ಲ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿಯಾಗಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಾದರೆ ಸಂಬಳ ಕೊಡುವ ಮಾಲೀಕರಿಂದಲೇ ನೇರವಾಗಿ ಕಟ್ಟಿಸುವ ಆದೇಶ ಕೇಳಬಹುದು.

ವಾರಂಟು ಯಾವ ಠಾಣೆಗೆ ಹೋಯಿತು ಅಂತ ಕೇಳಿ ತಿಳಿದುಕೊಳ್ಳಿ. ಆಸಾಮಿ ಮನೆಯಲ್ಲಿ ಯಾವಾಗ ಸಿಗುತ್ತಾನೆ ಅನ್ನೋದನ್ನೂ ಠಾಣೆಯಲ್ಲಿ ಹೇಳಿ. ಮಂಗಳವಾರ ಮಾರ್ಕೆಟ್ಟಿಗೆ, ಹುಣ್ಣಿಮೆಗೆ ಮನೆದೇವರಿಗೆ ಅಂತ ಪ್ರತಿಯೊಬ್ಬರಿಗೂ ಒಂದು ಗೊತ್ತುಪಾಡು ಇರುತ್ತೆ. ನಾವು ಹೋಗುತ್ತಿದ್ದದ್ದೂ ಅದನ್ನು ನೋಡಿಕೊಂಡೇ.

ದುಡ್ಡು ಬ್ಯಾಂಕ್ ಖಾತೆಗೇ ಬರಲಿ. ಇದನ್ನು ಗಂಡಸರಿಗೂ ಹೇಳುತ್ತೇನೆ. ಊರ ಗೌಡರ ಕೈಲಿ, ಭಾವಮೈದನ ಕೈಲಿ ನಗದು ಕೊಟ್ಟು ಕಳಿಸಿದ್ದು ನಾಳೆ ಲೆಕ್ಕಕ್ಕೆ ಸಿಗೋದಿಲ್ಲ. ಫೋನ್‌ಪೇ ಮಾಡುವಾಗ ‘ಮಗಳ ಜೀವನಾಂಶ, ಜೂನ್’ ಅಂತ ಮೂರು ಪದ ಹಾಕಿ. ನಿಜವಾಗಿಯೂ ಕೆಲಸ ಹೋಗಿದ್ದರೆ, ಮಳೆ ಕೈಕೊಟ್ಟು ಬೆಳೆ ಹೋಗಿದ್ದರೆ, ತಲೆಮರೆಸಿಕೊಂಡು ತಿರುಗಬೇಡಿ. ಮೊತ್ತ ಕಡಿಮೆ ಮಾಡಿ ಅಂತ ಬಿಎನ್‌ಎಸ್‌ಎಸ್ 146ರಲ್ಲಿ ಕೇಳಬಹುದು. ಅದೇ ಕಲಂನಲ್ಲಿ ತಾಯಿಯೂ ಮಗು ಪಿಯುಸಿಗೆ ಬಂತು, ಫೀಸು ಜಾಸ್ತಿಯಾಯಿತು, ಹೆಚ್ಚಿಸಿ ಅಂತ ಕೇಳಬಹುದು.

144ನೇ ಕಲಂ ಅಡಿ ಮಗುವಿಗೆ 18 ತುಂಬುವವರೆಗೆ ಹಕ್ಕು. ದೇಹ, ಬುದ್ಧಿಯ ತೊಂದರೆಯಿಂದ ದುಡಿಯಲಾಗದ ಮಗುವಿಗೆ ಆಮೇಲೂ ಇದೆ. ಹಿಂದೂ ಕುಟುಂಬದ ಮದುವೆಯಾಗದ ಮಗಳಿಗೆ, ಅವಳಿಗೆ ಸ್ವಂತ ಆದಾಯ ಇಲ್ಲದಿದ್ದರೆ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮುಂದೆಯೂ ದಾರಿ ಇದೆ.

ಮಗು ಯಾರ ಹತ್ತಿರ

ಕಸ್ಟಡಿ ಕೇಸು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತಿದೆಯೋ ಆ ಊರಿನ ಕೋರ್ಟಿನಲ್ಲಿ ಹಾಕಬೇಕು. ಹಿಂದೂಗಳಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ. ಐದು ತುಂಬಿದ ಮರುದಿನ ಅಪ್ಪ ಬಂದು ಎತ್ತಿಕೊಂಡು ಹೋಗಬಹುದು ಅಂತ ಇದರ ಅರ್ಥ ಅಲ್ಲ. ಗಂಡು ಮಗು ಏಳಕ್ಕೆ ಅಪ್ಪನಿಗೆ ಅನ್ನೋ ಮಾತು ಹನಫಿ ಮುಸ್ಲಿಂ ಕಾನೂನಿನದ್ದು, ಅದನ್ನೇ ಎಲ್ಲರೂ ಎಲ್ಲರಿಗೂ ಹೇಳುತ್ತಿರುತ್ತಾರೆ. ಯಾವ ಕಾನೂನೇ ಆಗಲಿ, ಕೋರ್ಟು ಕೊನೆಗೆ ನೋಡೋದು ಮಗುವಿನ ಹಿತ. ತಾಯಿ ಮರುಮದುವೆ ಆದಳು ಅನ್ನೋದೊಂದೇ ಕಾರಣಕ್ಕೆ ಮಗು ಕೈತಪ್ಪೋದಿಲ್ಲ. ಅಪ್ಪನ ಹತ್ತಿರ ದುಡ್ಡು ಜಾಸ್ತಿ ಇದೆ ಅನ್ನೋದೊಂದೇ ಸಾಲದು.

ಹಿತ ಅಂದರೆ ದಿನದಿನದ ಸಣ್ಣ ಸಂಗತಿಗಳು. ಪೋಷಕರ ಸಭೆಗೆ ಯಾರು ಹೋಗುತ್ತಾರೆ, ಪ್ರೋಗ್ರೆಸ್ ಕಾರ್ಡಿಗೆ ಯಾರ ಸಹಿ ಇದೆ, ಜ್ವರ ಬಂದಾಗ ಆಸ್ಪತ್ರೆ ಚೀಟಿಯಲ್ಲಿ ಯಾರ ಹೆಸರಿದೆ. ಆ ಕಾಗದಗಳನ್ನು ತನ್ನಿ. ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸಬಹುದು. ‘ಅಪ್ಪ ಬೇಡ ಅನ್ನು’ ಅಂತ ಹೇಳಿಕೊಟ್ಟು ಕಳಿಸುವವರಿದ್ದಾರೆ. ಗಿಣಿಪಾಠ ಅಂತ ಅಲ್ಲಿ ಎರಡು ನಿಮಿಷಕ್ಕೆ ಗೊತ್ತಾಗಿಬಿಡುತ್ತೆ, ಹೇಳಿಕೊಟ್ಟವರಿಗೇ ಕೆಟ್ಟ ಹೆಸರು.

ಪಂಚಾಯ್ತಿ ಕಟ್ಟೆಯಲ್ಲಿ ಛಾಪಾ ಕಾಗದದ ಮೇಲೆ ‘ಮಗುವಿನ ಮೇಲೆ ಹಕ್ಕಿಲ್ಲ, ಜೀವನಾಂಶ ಕೇಳೋದಿಲ್ಲ’ ಅಂತ ಬರೆಸಿಕೊಂಡಿದ್ದರೆ ಹೆದರಬೇಡಿ. ಮಗುವಿನ ಹಕ್ಕನ್ನು ತಾಯಿಯಾದರೂ ಬರೆದುಕೊಡಲು ಬರೋದಿಲ್ಲ. ಸ್ಕೂಲಿನ ಗೇಟಿನಿಂದಲೇ ಮಗುವನ್ನು ಕರೆದುಕೊಂಡು ಹೋಗಿ ಬಚ್ಚಿಟ್ಟರೆ ಕೂಡಲೇ ವಕೀಲರನ್ನು ನೋಡಿ. ಅಕ್ರಮವಾಗಿ ಇಟ್ಟುಕೊಂಡಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ) ಅರ್ಜಿಗೂ ಅವಕಾಶ ಇದೆ. ಇಂಥದ್ದರಲ್ಲಿ ತಡ ಮಾಡಿದಷ್ಟೂ ಮಗು ಆ ಮನೆಗೆ ಹೊಂದಿಕೊಂಡಿದೆ ಅನ್ನೋ ವಾದ ಬಲವಾಗುತ್ತೆ.

ಕಸ್ಟಡಿ ಒಬ್ಬರಿಗೆ ಸಿಕ್ಕರೂ ಮಗುವನ್ನು ನೋಡುವ ಅವಕಾಶ ಇನ್ನೊಬ್ಬರಿಗೆ ಇರುತ್ತೆ. ದುಡ್ಡು ಕೊಟ್ಟಿಲ್ಲ ಅಂತ ಮಗು ತೋರಿಸದೆ ಇರಬೇಡಿ, ಮಗು ತೋರಿಸಿಲ್ಲ ಅಂತ ದುಡ್ಡು ನಿಲ್ಲಿಸಬೇಡಿ. ಎರಡೂ ಬೇರೆ ಬೇರೆ ಲೆಕ್ಕ, ಕೋರ್ಟು ಒಂದರಲ್ಲಿ ಇನ್ನೊಂದನ್ನು ಕಳೆಯೋದಿಲ್ಲ.

ಭೇಟಿಯ ಆದೇಶ ‘ಆಗಾಗ ನೋಡಬಹುದು’ ಅಂತ ಆಗಲು ಬಿಡಬೇಡಿ. ಆ ‘ಆಗಾಗ’ ಮೇಲೆಯೇ ಮುಂದೆ ವಾಯಿದೆ ಮೇಲೆ ವಾಯಿದೆ ಬೀಳುತ್ತೆ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ಜಾಗ, ಕರೆತರುವವರು ಯಾರು, ವಾಪಸ್ ಬಿಡುವವರು ಯಾರು, ದಸರಾ ರಜೆಯಲ್ಲಿ ಎಷ್ಟು ದಿನ, ಬೇಸಿಗೆಯಲ್ಲಿ ಎಷ್ಟು, ವಿಡಿಯೋ ಕಾಲ್ ಯಾವ ಹೊತ್ತು, ಎಲ್ಲಾ ಬರೆಸಿ. ಕೋರ್ಟ್ ಆವರಣದಲ್ಲೇ ಭೇಟಿ ಅಂತಾದರೆ ಎರಡನೇ ಶನಿವಾರ ಹಾಕಿಸಬೇಡಿ, ಅವತ್ತು ಕೋರ್ಟಿಗೆ ರಜೆ. ಹೋಗುವಾಗ ಮಗುವಿನ ನೀರಿನ ಬಾಟಲು, ಒಂದು ಜೊತೆ ಬಟ್ಟೆ, ಔಷಧಿ ಇದ್ದರೆ ಹೊತ್ತು ಬರೆದ ಚೀಟಿ ಕೊಟ್ಟು ಕಳಿಸಿ. ಎದುರಿನವರು ಬಾರದಿದ್ದರೆ ಅವತ್ತೇ ಒಂದು ವಾಟ್ಸಾಪ್ ಹಾಕಿ, ಬೈಗುಳ ಬೇಡ, ‘ಇಷ್ಟು ಗಂಟೆವರೆಗೆ ಕಾದೆವು’ ಅಂತಷ್ಟೇ. ಕಸ್ಟಡಿ ಆದೇಶ ಯಾವತ್ತೂ ಕಲ್ಲಿನ ಮೇಲೆ ಬರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಿ ಅಂತ ಕೇಳಬಹುದು. ಆಗ ಈ ಸಣ್ಣ ದಾಖಲೆಗಳೇ ಮಾತಾಡೋದು.

ಮುಂದಿನ ವಾಯಿದೆ ತಿಳಿಯೋದಕ್ಕೆ ವಕೀಲರ ಮನೆಗೆ ಅಲೆಯಬೇಕಿಲ್ಲ. ನಿಮ್ಮ ಕೇಸಿನ 16 ಅಕ್ಷರ, ಅಂಕಿಯ ಸಿಎನ್‌ಆರ್ ನಂಬರ್ ಬರೆದುಕೊಳ್ಳಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಎಲ್ಲಾ ಕಾಣುತ್ತೆ.

ಆದೇಶ ಬಂದ ದಿನವೇ ಪ್ರಮಾಣೀಕೃತ ನಕಲಿಗೆ ಅರ್ಜಿ ಹಾಕಿ. ವಸೂಲಿಗೂ ಅದು ಬೇಕು, ಮೇಲ್ಮನವಿಗೂ ಬೇಕು. ಕೌಟುಂಬಿಕ ನ್ಯಾಯಾಲಯದ ಕಸ್ಟಡಿ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ, 144ರ ಜೀವನಾಂಶದ ಆದೇಶವಾದರೆ ರಿವಿಷನ್, ಅಂದರೆ ಆದೇಶ ಸರಿಯೇ ಅಂತ ಪರಿಶೀಲಿಸಿ ಅನ್ನೋ ಅರ್ಜಿ. ಎರಡೂ ಹೈಕೋರ್ಟಿಗೆ. ದಾವಣಗೆರೆ, ಚಿತ್ರದುರ್ಗದವರು ಬೆಂಗಳೂರಿಗೇ ಹೋಗಬೇಕು, ಧಾರವಾಡ ಪೀಠಕ್ಕಲ್ಲ. ಹತ್ತಿರ ಅಂತ ಹರಿಹರದಲ್ಲಿ ಹುಬ್ಬಳ್ಳಿ ರೈಲು ಹತ್ತಿಬಿಡಬೇಡಿ.